ದೇವಿ ಮುನಿಸಿಕೊಂಡು ಎದ್ದು ಹೋದರೆ, ವಾಪಸ್ ಕರೆತರುವವರು ಯಾರು?

ಮೂಡಣಗಾಳಿ

ದೇವಿ ಅಂದ ಕೂಡಲೇ ನಮ್ಮ ಕಣ್ಮುಂದೆ ಎರಡು ಚಿತ್ರ ಬರುತ್ತವೆ. ಒಂದು, ಹೊಟ್ಟೆಗೆ ಹಾಕಿ ಸಾಕುವ ತಾಯಿ. ಇನ್ನೊಂದು, ರಾಕ್ಷಸನ ಎದೆಯ ಮೇಲೆ ಕಾಲಿಟ್ಟು ನಿಂತವಳು. ಇವೆರಡರ ನಡುವೆ ಮೂರನೆಯವಳೊಬ್ಬಳಿದ್ದಾಳೆ. ಅವಳು ಹೊಡೆಯುವುದೂ ಇಲ್ಲ, ಬಡಿಯುವುದೂ ಇಲ್ಲ. ಸುಮ್ನೆ ಎದ್ದು ಹೋಗಿಬಿಡುತ್ತಾಳೆ. ಅವಳು ಹೋದ ಮೇಲೆ ಲೋಕದ ಕೆಲಸವೆಲ್ಲ ನಿಂತುಹೋಗುತ್ತದೆ.

ನನಗೆ ಇದು ಹೊಳೆದದ್ದು ಜಪಾನಿನ ಅಮತೆರಾಸು ಕಥೆಯಿಂದ. ಅವಳು ಸೂರ್ಯದೇವಿ. 712ರಲ್ಲಿ ಬರೆದು ಮುಗಿಸಿದ ಕೊಜಿಕಿ ಅನ್ನುವ ಹಳೆಯ ಜಪಾನಿ ಗ್ರಂಥದಲ್ಲಿ ಈ ಕಥೆ ಇದೆ. ತಮ್ಮ ಸುಸಾನೊವೊ ಅವಳ ಗದ್ದೆಯ ಬದು ಒಡೆಯುತ್ತಾನೆ, ಪೂಜೆಯ ಮನೆಯಲ್ಲಿ ಹೊಲಸು ಮಾಡುತ್ತಾನೆ. ಅಲ್ಲಿಗೂ ಅಕ್ಕ ಸಹಿಸುತ್ತಾಳೆ, 'ಕುಡಿದಿರಬೇಕು ಬಿಡಿ' ಅನ್ನುತ್ತಾಳೆ. ಕೊನೆಗೆ ಅವನು ಚರ್ಮ ಸುಲಿದ ಕುದುರೆಯನ್ನು ನೇಯ್ಗೆಮನೆಯ ಚಾವಣಿ ಒಡೆದು ಒಳಗೆ ಎಸೆಯುತ್ತಾನೆ. ಬೆಚ್ಚಿಬಿದ್ದ ನೇಯುವ ಹುಡುಗಿ ಲಾಳಿ ಚುಚ್ಚಿಕೊಂಡು ಸಾಯುತ್ತಾಳೆ. ಆಗ ಅಮತೆರಾಸು ಗವಿಯೊಳಗೆ ಹೋಗಿ ಬಂಡೆ ಮುಚ್ಚಿಕೊಳ್ಳುತ್ತಾಳೆ. ಸೂರ್ಯನೇ ಇಲ್ಲ. ಎಲ್ಲೆಲ್ಲೂ ಕತ್ತಲೆ.

ದೇವರುಗಳೆಲ್ಲ ಸಭೆ ಸೇರುತ್ತಾರೆ. ಬೆಳಗಾಯಿತು ಅನ್ನಿಸಲು ಕೋಳಿ ಕೂಗಿಸುತ್ತಾರೆ. ಮರಕ್ಕೆ ಕನ್ನಡಿ, ಮಣಿಸರ ತೂಗುಹಾಕುತ್ತಾರೆ. ಆಮೇಲೆ ಉಝುಮೆ ಅನ್ನುವ ದೇವಿ ಒಂದು ತೊಟ್ಟಿಯನ್ನು ಮಗುಚಿ ಹಾಕಿ, ಅದರ ಮೇಲೆ ಹತ್ತಿ, ದಬದಬ ತುಳಿದು ಕುಣಿಯುತ್ತಾಳೆ. ಕುಣಿಯುತ್ತ ಕುಣಿಯುತ್ತ ಉಡುಪು ಜಾರುತ್ತದೆ. ಎಂಬತ್ತು ಲಕ್ಷ ದೇವರುಗಳು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಒಳಗಿದ್ದವಳಿಗೆ ತಡೆಯಲಾಗುವುದಿಲ್ಲ. ನಾನಿಲ್ಲದೆ ಹೊರಗೆಲ್ಲ ಕತ್ತಲೆ ಇರಬೇಕು, ಇವರಿಗೆ ಏನು ನಗು? ಬಂಡೆಯನ್ನು ಇಷ್ಟೇ ಇಷ್ಟು ಸರಿಸಿ ಇಣುಕುತ್ತಾಳೆ. ಎದುರಿಗೇ ಕನ್ನಡಿ ಹಿಡಿಯುತ್ತಾರೆ.

ಗ್ರೀಸಿನ ಬೆಳೆಯ ದೇವಿ ಡಿಮೀಟರ್ ಕಥೆ ಗೊತ್ತಿದ್ದವರಿಗೆ ಇದು ಎಲ್ಲೋ ಕೇಳಿದ ಹಾಗೆ ಅನ್ನಿಸಬೇಕು. ಪಾತಾಳದ ಹೇಡಿಸ್ ಅವಳ ಮಗಳು ಪರ್ಸೆಫೊನಿಯನ್ನು ಹೊತ್ತೊಯ್ಯುತ್ತಾನೆ. ತಾಯಿ ಒಂಬತ್ತು ದಿನ ಪಂಜು ಹಿಡಿದು ಅಲೆಯುತ್ತಾಳೆ. ಊಟವಿಲ್ಲ, ಸ್ನಾನವಿಲ್ಲ. ಮುದುಕಿಯ ವೇಷದಲ್ಲಿ ಒಂದು ಮನೆಗೆ ಬಂದು ಮಾತಿಲ್ಲದೆ ಕೂರುತ್ತಾಳೆ. ಅವಳನ್ನು ನಗಿಸಿದ್ದು ಆ ಮನೆಯ ಕೆಲಸದಾಕೆ ಇಯಾಂಬೆ, ಪೋಲಿ ಮಾತಾಡಿ. ಇನ್ನೊಂದು ಪಾಠದಲ್ಲಿ ಅವಳ ಹೆಸರು ಬೌಬೊ. ಅಲ್ಲಿ ಬರೀ ಮಾತಲ್ಲ, ಸೀರೆ ಎತ್ತಿ ತೋರಿಸಿದಳು ಅಂತಲೇ ಇದೆ!

ಎರಡು ದೇಶ, ಒಂದಕ್ಕೊಂದು ಗುರುತೇ ಇಲ್ಲ. ಆದರೂ ದುಃಖದಲ್ಲಿ ಕೂತ ದೇವಿಯ ಮುಂದೆ ಇನ್ನೊಬ್ಬ ಹೆಂಗಸು ನಾಚಿಕೆ ಬಿಟ್ಟು ನಗಿಸುತ್ತಾಳೆ. ಇಂಥ ಕಥೆ ಬೇರೆ ಎಲ್ಲಾದರೂ ಓದಿದ್ದೀರಾ? ಗೊತ್ತಿದ್ದರೆ ಹಾಕಿ.

ಬೆಳ್ದಿಂಗಳು

ನಮ್ಮಲ್ಲೇ ಇದೆಯಲ್ಲ! ಸಮುದ್ರ ಮಥನ ಅಂದರೆ ಎಲ್ಲರಿಗೂ ಅಮೃತ ನೆನಪಾಗುತ್ತದೆ, ಕಥೆ ಶುರುವಾದದ್ದು ಲಕ್ಷ್ಮಿ ಹೋದದ್ದರಿಂದ ಅನ್ನೋದು ಮರೆತೇ ಹೋಗಿದೆ. ವಿಷ್ಣು ಪುರಾಣದಲ್ಲಿ ದೂರ್ವಾಸರು ಇಂದ್ರನಿಗೆ ಒಂದು ಹೂಮಾಲೆ ಕೊಡುತ್ತಾರೆ. ಇಂದ್ರ ಅದನ್ನು ಐರಾವತದ ತಲೆ ಮೇಲೆ ಹಾಕುತ್ತಾನೆ. ಆನೆ ಅದನ್ನು ಸೊಂಡಿಲಿನಿಂದ ಎಳೆದು ನೆಲಕ್ಕೆ ಬಿಸಾಕುತ್ತದೆ. ದೂರ್ವಾಸರಿಗೆ ಕೋಪ ಬರಲು ಅಷ್ಟು ಸಾಕಲ್ವಾ? ಶಾಪ ಕೊಟ್ಟರು, ಮೂರು ಲೋಕದಿಂದಲೂ ಶ್ರೀ ಹೊರಟುಹೋದಳು. ಗಿಡಬಳ್ಳಿ ಬಾಡಿದವು, ಯಜ್ಞ ನಿಂತಿತು, ಜನರಿಗೆ ಒಳ್ಳೆಯದರ ಮೇಲೆ ಮನಸ್ಸೇ ಹೋಯಿತು.

ಅವಳನ್ನು ವಾಪಸ್ ತರಲು ಇಡೀ ಹಾಲ್ಗಡಲನ್ನೇ ಕಡೆಯಬೇಕಾಯಿತು, ಅದೂ ಅಸುರರನ್ನು ಜೊತೆಗೆ ಸೇರಿಸಿಕೊಂಡು. ಎದ್ದು ಬಂದವಳು ನೇರ ಇಂದ್ರನ ಹತ್ತಿರ ಹೋಗಲಿಲ್ಲ. ವಿಷ್ಣುವಿನ ಎದೆ ಸೇರಿದಳು, ಅಲ್ಲಿಂದ ದೇವತೆಗಳ ಕಡೆ ನೋಡಿದಳು ಅಷ್ಟೇ.

ಭೃಗು ಬಂದು ವಿಷ್ಣುವಿನ ಎದೆಗೆ ಒದ್ದ ಕಥೆಯಲ್ಲೂ ಹಾಗೇ. ವಿಷ್ಣು ಸಿಟ್ಟಾಗಲಿಲ್ಲ, ಪಾಪ ಕಾಲು ನೋವಾಯಿತೇನೋ ಅಂತ ಒತ್ತಿದ. ಆದರೆ ಆ ಎದೆ ಲಕ್ಷ್ಮಿಯ ಮನೆ. ಅವಳನ್ನು ಒಂದು ಮಾತು ಕೇಳದೆ ಇವನು ಕ್ಷಮಿಸಿದ್ದು ಹೇಗೆ? ಎದ್ದು ಹೊರಟಳು. ನನಗೆ ಅವಳ ಲೆಕ್ಕವೇ ಸರಿ ಅನ್ನಿಸುತ್ತದೆ.

ನಿದ್ದೆಗೆಟ್ಟವ

ಕೊನೇ ಸಾಲಿಗೆ ಚಪ್ಪಾಳೆ.

ಕಲ್ಲುಬರಹ

ಮೂಡಣಗಾಳಿಯವರೇ, ಹೊಳಹು ಚೆನ್ನಾಗಿದೆ. ಆದರೆ ಒಂದು ತಕರಾರು. ಮುನಿಸಿಕೊಂಡು ಹೋಗುವುದು ದೇವಿಯರ ಗುಣ ಅಂತ ಬರೆದ ಹಾಗಿದೆ. ಹಿಟ್ಟೈಟರ ಕಥೆ ಕೇಳಿ.

ಇವರು ಈಗಿನ ತುರ್ಕಿಯ ನಡುಭಾಗದಲ್ಲಿ ರಾಜ್ಯ ಕಟ್ಟಿದ್ದವರು. ಅವರ ರಾಜಧಾನಿಯ ಹಾಳುಮಣ್ಣಲ್ಲಿ ಸಾವಿರಾರು ಜೇಡಿಮಣ್ಣಿನ ಹಲಗೆ ಸಿಕ್ಕಿವೆ. ಅವುಗಳಲ್ಲಿ ತೆಲಿಪಿನು ಅನ್ನುವ ದೇವರ ಕಥೆ ಇದೆ. ಗಂಡು ದೇವರು, ಬೆಳೆಯ ದೇವರು. ಅವನಿಗೆ ಯಾಕೋ ಸಿಟ್ಟು ಬಂತು. ಎಷ್ಟು ಸಿಟ್ಟು ಅಂದರೆ ಎಡಗಾಲಿನ ಜೋಡನ್ನು ಬಲಗಾಲಿಗೆ, ಬಲಗಾಲಿನದನ್ನು ಎಡಗಾಲಿಗೆ ಹಾಕಿಕೊಂಡು ಹೊರಟುಬಿಟ್ಟ. ಕಿಟಕಿಗೆ ಮಂಜು ಮುಸುಕಿತು, ಮನೆಯೊಳಗೆ ಹೊಗೆ ತುಂಬಿತು. ಒಲೆಯಲ್ಲಿ ಕೊರಡು ಉರಿಯಲಿಲ್ಲ. ಕುರಿ ತನ್ನ ಮರಿಯನ್ನು ಒದ್ದಿತು, ಹಸು ತನ್ನ ಕರುವನ್ನು ಹತ್ತಿರ ಬಿಡಲಿಲ್ಲ.

ಹುಡುಕಲು ಹದ್ದನ್ನು ಕಳಿಸಿದರು. ಬೆಟ್ಟ, ಕಣಿವೆ, ನೀರು ಎಲ್ಲ ಹುಡುಕಿ ಬರಿಗೈಯಲ್ಲಿ ಬಂತು. ಮಳೆದೇವರು ತಾನೇ ಹೋಗಿ ತೆಲಿಪಿನುವಿನ ಊರಿನ ಬಾಗಿಲು ಬಡಿದ, ಕೈಯಲ್ಲಿದ್ದ ಸುತ್ತಿಗೆಯ ಹಿಡಿ ಮುರಿಯಿತು ಅಷ್ಟೇ. ಆಗ ಹನ್ನಹನ್ನ ಅನ್ನುವ ಅಜ್ಜಿದೇವಿ ಒಂದು ಜೇನುಹುಳವನ್ನು ಕರೆದಳು. ಮಳೆದೇವರು ನಂಬಲಿಲ್ಲ. ದೊಡ್ಡ ದೇವರಿಗೆ ಸಿಗದವನು ಇಷ್ಟು ಚಿಕ್ಕ ರೆಕ್ಕೆಯವಳಿಗೆ ಸಿಗುತ್ತಾನಾ? ಸಿಕ್ಕ. ಕಾಡಿನ ಹುಲ್ಲಲ್ಲಿ ಮಲಗಿ ನಿದ್ದೆ ಹೊಡೆಯುತ್ತಿದ್ದ.

ಮುನಿದು ಹೋಗುವ ಇಂಥ ಕಥೆ ಹಿಟ್ಟೈಟರಲ್ಲಿ ಹಲವು ದೇವರುಗಳ ಮೇಲೆ ಇವೆ. ಗಂಡೂ ಇದ್ದಾರೆ, ಹೆಣ್ಣೂ ಇದ್ದಾರೆ. ಹಾಗಾಗಿ ಮುನಿಸನ್ನು ಹೆಂಗಸರ ಖಾತೆಗೆ ಮಾತ್ರ ಬರೆಯಬೇಡಿ.

ಮೂಡಣಗಾಳಿ

ಜೋಡು ಅದಲುಬದಲು ಮಾಡಿ ಹಾಕಿಕೊಂಡ ದೇವರು! ಇದೊಂದಕ್ಕೇ ಈ ಚರ್ಚೆ ಶುರು ಮಾಡಿದ್ದು ಸಾರ್ಥಕ. ನಿಮ್ಮ ತಕರಾರು ಒಪ್ಪಿದೆ.

ಗುಬ್ಬಚ್ಚಿ22

ನಾನು ಇಲ್ಲಿ ಬರೆಯೋದು ಇದೇ ಮೊದಲು, ತಪ್ಪಿದ್ದರೆ ತಿದ್ದಿ. ಉತ್ತರ ಧ್ರುವದ ಹತ್ತಿರದ ಇನುಯಿಟ್ ಜನರ ಸೆಡ್ನಾ ನೆನಪಾದಳು. ಒಂದೊಂದು ಕಡೆ ಒಂದೊಂದು ಹೆಸರು, ನುಲಿಯಾಯುಕ್ ಅಂತಲೂ ಕರೆಯುತ್ತಾರೆ.

ಅವಳು ಮೊದಲು ಸಾಮಾನ್ಯ ಹುಡುಗಿ. ಒಂದು ಕಡಲಹಕ್ಕಿ ಗಂಡಸಿನ ರೂಪದಲ್ಲಿ ಬಂದು ಮದುವೆಯಾಗಿ ಕರೆದೊಯ್ಯುತ್ತದೆ. ಅಲ್ಲಿ ಬರೀ ಕಷ್ಟ. ಅಪ್ಪ ದೋಣಿ ತಂದು ಮಗಳನ್ನು ಕರೆದುಕೊಂಡು ಬರುವಾಗ ಹಕ್ಕಿ ಬಿರುಗಾಳಿ ಎಬ್ಬಿಸುತ್ತದೆ. ಹೆದರಿದ ಅಪ್ಪ ತನ್ನ ಜೀವ ಉಳಿಸಿಕೊಳ್ಳಲು ಮಗಳನ್ನೇ ಕಡಲಿಗೆ ನೂಕುತ್ತಾನೆ. ಅವಳು ದೋಣಿಯ ಅಂಚು ಹಿಡಿದುಕೊಳ್ಳುತ್ತಾಳೆ. ಅವನು ಬೆರಳು ಕತ್ತರಿಸುತ್ತಾನೆ, ಗೆಣ್ಣು ಗೆಣ್ಣಾಗಿ. ಬಿದ್ದ ತುಂಡುಗಳು ಸೀಲ್, ವಾಲ್ರಸ್, ತಿಮಿಂಗಿಲ ಆಗುತ್ತವೆ. ಅವಳು ತಳಕ್ಕೆ ಮುಳುಗಿ ಆ ಎಲ್ಲ ಪ್ರಾಣಿಗಳ ಒಡತಿಯಾಗುತ್ತಾಳೆ.

ಮೇಲಿನವರು ಕಟ್ಟಳೆ ಮುರಿದರೆ ಆ ಕೊಳೆಯೆಲ್ಲ ಇಳಿದು ಅವಳ ಕೂದಲಲ್ಲಿ ಸಿಕ್ಕಿಕೊಳ್ಳುತ್ತದೆ. ಅವಳಿಗೆ ಬೆರಳಿಲ್ಲ, ಬಾಚಿಕೊಳ್ಳಲು ಆಗುವುದಿಲ್ಲ. ಸಿಟ್ಟಿಗೆ ಪ್ರಾಣಿಗಳನ್ನೆಲ್ಲ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತಾಳೆ. ಮೇಲೆ ಬೇಟೆ ಸಿಗದೆ ಜನ ಉಪವಾಸ ಬೀಳುತ್ತಾರೆ. ಆಗ ಅವರ ಮಂತ್ರವಾದಿ ಮೈಮರೆತು ಕಡಲ ತಳಕ್ಕೆ ಇಳಿಯುತ್ತಾನೆ. ಯುದ್ಧಕ್ಕಲ್ಲ. ಹತ್ತಿರ ಕೂತು ಅವಳ ಸಿಕ್ಕು ಬಿಡಿಸಿ, ತಲೆ ಬಾಚುತ್ತಾನೆ. ಅವಳಿಗೆ ಹಾಯೆನಿಸಿದ ಮೇಲೆ ಪ್ರಾಣಿಗಳನ್ನು ಬಿಡುತ್ತಾಳೆ.

ಇದನ್ನು ಓದಿದ ದಿನ ನನಗೆ ಏನೋ ಆಯಿತು. ಬೆರಳು ಕತ್ತರಿಸಿದ ಲೋಕಕ್ಕೆ ಅವಳು ಕೇಳಿದ್ದು ತಲೆ ಬಾಚುವವರೊಬ್ಬರನ್ನು.

ಹಳೆಪುಟ

ಗುಬ್ಬಚ್ಚಿ, ತಿದ್ದುವಂಥದ್ದೇನೂ ಇಲ್ಲ. ಸೌರಮಂಡಲದ ತೀರಾ ಅಂಚಿನಲ್ಲಿ 2003ರಲ್ಲಿ ಸಿಕ್ಕ ತಣ್ಣನೆಯ ಕಾಯಕ್ಕೆ ಇವಳ ಹೆಸರೇ ಇಟ್ಟಿದ್ದಾರೆ. ಸೂರ್ಯನನ್ನು ಒಂದು ಸುತ್ತು ಹಾಕಲು ಅದಕ್ಕೆ ಹತ್ತು ಸಾವಿರ ವರ್ಷಕ್ಕಿಂತ ಜಾಸ್ತಿ ಬೇಕು.

ಅಡ್ಡಪ್ರಶ್ನೆ

ಎಲ್ಲರೂ ಭಾವುಕರಾಗುತ್ತಿದ್ದೀರಿ, ಸ್ವಲ್ಪ ನೀರು ಹಾಕುತ್ತೇನೆ.

ಮೊದಲನೆಯದು. ಡಿಮೀಟರ್ ನಕ್ಕಳು, ಲೋಕ ಸರಿಹೋಯಿತು ಅನ್ನುವ ಹಾಗೆ ಮೊದಲ ಬರಹ ಇದೆ. ಹಳೆಯ ಗ್ರೀಕ್ ಸ್ತೋತ್ರದಲ್ಲಿ ಹಾಗಿಲ್ಲ. ಇಯಾಂಬೆ ನಗಿಸಿದ ಮೇಲೆ ಅವಳು ಒಂದು ಗುಟುಕು ಬಾರ್ಲಿ ನೀರು ಕುಡಿಯುತ್ತಾಳೆ, ಅಷ್ಟೇ. ನಿಜವಾದ ಬರಗಾಲ ಅದಾದ ಮೇಲೆ ಬರುತ್ತದೆ. ಎಲ್ಯೂಸಿಸ್‌ನಲ್ಲಿ ಗುಡಿ ಕಟ್ಟಿಸಿಕೊಂಡು, ಒಳಗೆ ಕೂತು, ಬೀಜ ಮೊಳೆಯದ ಹಾಗೆ ಮಾಡುತ್ತಾಳೆ. ನಗು ಅವಳ ಉಪವಾಸ ಬಿಡಿಸಿತು, ಸಿಟ್ಟನ್ನು ಇಳಿಸಲಿಲ್ಲ.

ಎರಡನೆಯದು. ಉಝುಮೆ ಕುಣಿದಳು, ದೇವರುಗಳು ನಕ್ಕರು. ಬಟ್ಟೆ ಜಾರಿದ ಹೆಂಗಸನ್ನು ನೋಡಿ ಗಂಡಸರ ಗುಂಪು ನಗುವುದನ್ನು ನಾವು ಸಂಭ್ರಮ ಅಂತ ಓದಬೇಕಾ?

ಮೂರನೆಯದು ಮುಖ್ಯ. ದೇವಿಯನ್ನು ಪೂಜಿಸಿದ ಕಡೆಯೆಲ್ಲ ಹೆಂಗಸರಿಗೆ ಮರ್ಯಾದೆ ಇತ್ತು ಅಂತ ಇಂಥ ಮಾತುಕತೆಗಳಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಥೆನ್ಸ್ ಊರಿಗೇ ದೇವಿಯ ಹೆಸರು. ಅಲ್ಲಿನ ಸಭೆಯಲ್ಲಿ ಒಬ್ಬ ಹೆಂಗಸಿಗೂ ಮತ ಇರಲಿಲ್ಲ. ಆ ಅಥೇನಾ ಆದರೂ ಹುಟ್ಟಿದ್ದು ಹೇಗೆ? ಬಸುರಿ ಹೆಂಡತಿ ಮೀಟಿಸ್‌ಳನ್ನು ದೇವರುಗಳ ದೊರೆ ಜ್ಯೂಸ್ ನುಂಗಿಬಿಟ್ಟ, ಮಗಳು ಅವನ ತಲೆಯಿಂದ ಬಂದಳು. ತಾಯಿ ಹೊಟ್ಟೆಯೊಳಗೇ ಉಳಿದಳು.

ಹಳೆಪುಟ

ಮೊದಲನೆಯದು ನಿಜ, ಮೂರನೆಯದಕ್ಕೆ ವಾದವೇ ಇಲ್ಲ. ಎರಡನೆಯದಕ್ಕೆ ಒಂದು ಮಾತು. ಬೌಬೊ ಕಥೆಯಲ್ಲಿ ನೋಡುವ ಗಂಡಸರೇ ಇಲ್ಲ. ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿಗೆ ಮಾಡಿದ ತಮಾಷೆ ಅದು. ಮಗಳನ್ನು ಕಳೆದುಕೊಂಡವಳ ಎದುರು ಏನು ಹೇಳಿ ಸಮಾಧಾನ ಮಾಡುತ್ತೀರಿ? ಮಾತು ಸಾಲದು ಅಂತ ಆ ಹೆಂಗಸಿಗೆ ಗೊತ್ತಿತ್ತು ಅನ್ನಿಸುತ್ತದೆ.

ಈಜಿಪ್ಟಿನಲ್ಲಂತೂ ಇದು ತಿರುಗುಮುರುಗು. ಹೋರಸ್ ಮತ್ತು ಸೆಟ್ ರಾಜ್ಯಕ್ಕಾಗಿ ಜಗಳಾಡುವ ಕಥೆಯ ಒಂದು ಪಪೈರಸ್ ಇದೆ, ಸುಮಾರು 3,100 ವರ್ಷ ಹಳೆಯದು. ನ್ಯಾಯಸಭೆಯಲ್ಲಿ ಒಬ್ಬ ಸಣ್ಣ ದೇವರು ಸೂರ್ಯದೇವ ರಾನಿಗೆ 'ನಿನ್ನ ಗುಡಿ ಖಾಲಿ' ಅಂದುಬಿಡುತ್ತಾನೆ. ರಾ ಮುನಿಸಿಕೊಂಡು ಚಪ್ಪರದೊಳಗೆ ಹೋಗಿ ಅಂಗಾತ ಮಲಗುತ್ತಾನೆ. ಸಭೆ ನಿಲ್ಲುತ್ತದೆ. ಮಗಳು ಹಾಥೋರ್ ಬಂದು ಎದುರಿಗೆ ನಿಂತು ಬಟ್ಟೆ ಎತ್ತುತ್ತಾಳೆ. ಮುದುಕ ನಕ್ಕು ಎದ್ದು ಬರುತ್ತಾನೆ. ಅಪ್ಪ ಮಗಳು ಅನ್ನೋದೆಲ್ಲ ಅವರಿಗೇ ಬಿಟ್ಟದ್ದು, ನಾನು ಜಾಸ್ತಿ ಕೇಳಲು ಹೋಗುವುದಿಲ್ಲ.

ಅದೇ ಈಜಿಪ್ಟಿನಲ್ಲಿ ಮೂಡಣಗಾಳಿಯವರಿಗೆ ಬೇಕಾದ ಕಥೆಯೂ ಇದೆ. ರಾನ ಕಣ್ಣೇ ಒಬ್ಬ ದೇವಿ. ಅವಳು ಅಪ್ಪನ ಮೇಲೆ ಸಿಟ್ಟಾಗಿ ದಕ್ಷಿಣದ ನೂಬಿಯಾಕ್ಕೆ ಹೋಗಿ ಸಿಂಹಿಣಿಯಾಗಿ ತಿರುಗುತ್ತಾಳೆ. ಹತ್ತಿರ ಹೋದವರನ್ನು ಬಿಡುವುದಿಲ್ಲ. ಕರೆತರಲು ಜ್ಞಾನದ ದೇವರು ಥೋತ್ ಹೋಗುತ್ತಾನೆ, ಒಂದು ಸಣ್ಣ ಕೋತಿಯ ರೂಪದಲ್ಲಿ. ಅವನು ಅವಳಿಗೆ ಕಥೆ ಹೇಳುತ್ತ ಹೇಳುತ್ತ ದಾರಿ ನಡೆಸುತ್ತಾನೆ. ಅವಳು ಮಧ್ಯೆ ಸಿಟ್ಟಾಗುತ್ತಾಳೆ, ಅವನು ನಡುಗುತ್ತಾನೆ, ಇನ್ನೊಂದು ಕಥೆ ತೆಗೆಯುತ್ತಾನೆ. ಅದರಲ್ಲಿ ಒಂದು ಯಾವುದು ಗೊತ್ತಾ? ಬಲೆಗೆ ಬಿದ್ದ ಸಿಂಹ, ಬಲೆ ಕಡಿದ ಇಲಿ. ನಾವು ಚಿಕ್ಕವರಿದ್ದಾಗ ಓದಿದ ಅದೇ ಕಥೆ. ಸಿಂಹಿಣಿಯ ಮುಂದೆ ನಿಂತ ಕೋತಿ ಸಿಂಹ ಮತ್ತು ಇಲಿಯ ಕಥೆ ಹೇಳುತ್ತದೆ, ಎಷ್ಟು ಧೈರ್ಯ ನೋಡಿ.

ನಿದ್ದೆಗೆಟ್ಟವ

ಸಿಂಹಿಣಿ ಅಂದರೆ ಬಿಯರ್ ಕುಡಿಸಿದ ಕಥೆ ಇವಳದೇ ಅಲ್ವಾ?

ಹಳೆಪುಟ

ಹತ್ತಿರದ ನೆಂಟರು. ಅದರಲ್ಲಿ ಅವಳು ಓಡಿಹೋಗುವುದಿಲ್ಲ. ಮನುಷ್ಯರು ತಿರುಗಿಬಿದ್ದರು ಅಂತ ರಾ ತಾನೇ ಅವಳನ್ನು ಛೂ ಬಿಡುತ್ತಾನೆ. ಅವಳು ನಿಲ್ಲುವುದಿಲ್ಲ. ಆಗ 7,000 ಕೊಡ ಬಿಯರಿಗೆ ಕೆಂಪುಮಣ್ಣು ಬೆರೆಸಿ ರಾತ್ರೋರಾತ್ರಿ ಹೊಲಕ್ಕೆ ಸುರಿಸುತ್ತಾರೆ. ಮೂರು ಅಂಗೈ ಎತ್ತರ ನಿಂತಿತ್ತಂತೆ. ಬೆಳಿಗ್ಗೆ ಬಂದವಳು ರಕ್ತ ಅಂದುಕೊಂಡು ಕುಡಿದು, ಮತ್ತೇರಿ, ಬಂದ ಕೆಲಸ ಮರೆತಳು. ನಮ್ಮ ಕಾಳಿ ರಕ್ತಬೀಜನ ರಕ್ತವನ್ನು ನೆಲಕ್ಕೆ ಬೀಳದ ಹಾಗೆ ಕುಡಿದದ್ದು ಕೆಲಸ ಮುಗಿಸಲು. ಇವಳಿಗೆ ಕುಡಿಸಿದ್ದು ಕೆಲಸ ನಿಲ್ಲಿಸಲು.

ಹೊಸಚಿಗುರು

ಇಷ್ಟು ಹಳೆಯ ಕಥೆಗಳಲ್ಲಿ ದೇವಿ ಇಷ್ಟು ಮುಖ್ಯ ಅಂದರೆ, ಮೊದಲು ಎಲ್ಲ ಕಡೆ ಮಹಾತಾಯಿಯ ಪೂಜೆ ಇತ್ತು, ಹೆಂಗಸರ ರಾಜ್ಯ ಇತ್ತು ಅಂತಲೇ ಅರ್ಥ ಅಲ್ವಾ? ವಿಲೆನ್‌ಡಾರ್ಫ್‌ನ ಆ ದಪ್ಪ ಹೆಂಗಸಿನ ಮೂರ್ತಿ ಇದೆಯಲ್ಲ.

ಅಡ್ಡಪ್ರಶ್ನೆ

ಹೇಳಿದ್ದೆನಲ್ಲ, ಯಾರಾದರೂ ಹೇಳಿಯೇ ಹೇಳುತ್ತಾರೆ ಅಂತ. 😄

ಕಲ್ಲುಬರಹ

ನಗಬೇಡಿ, ದೊಡ್ಡ ದೊಡ್ಡವರೇ ಹಾಗೆ ನಂಬಿದ್ದರು. ಕಳೆದ ಶತಮಾನದಲ್ಲಿ ಪುರಾತತ್ವದ ವಿದ್ವಾಂಸೆ ಮರಿಯಾ ಗಿಂಬುಟಾಸ್ ಹಳೆಯ ಯುರೋಪಿನ ಬಗ್ಗೆ ಈ ವಾದವನ್ನು ಜೋರಾಗಿಯೇ ಮಂಡಿಸಿದರು.

ವಿಲೆನ್‌ಡಾರ್ಫ್‌ನ ಮೂರ್ತಿ ಆಸ್ಟ್ರಿಯಾದಲ್ಲಿ 1908ರಲ್ಲಿ ಸಿಕ್ಕಿತು. ಎತ್ತರ ಬರೀ 11 ಸೆಂಟಿಮೀಟರ್, ಅಂಗೈಯಲ್ಲಿ ಹಿಡಿಯುವಷ್ಟು. ಪಾದವಿಲ್ಲ, ನಿಲ್ಲಿಸಲು ಬರುವುದಿಲ್ಲ. ಮುಖವಿಲ್ಲ. ಸುಮಾರು 30,000 ವರ್ಷದ ಹಿಂದೆ ಕೆತ್ತಿದವರು ಅವಳನ್ನು ದೇವಿ ಅಂದರೋ, ಅಜ್ಜಿ ಅಂದರೋ, ಬಸುರಿಗೆ ತಾಯತ ಅಂದರೋ, ಆ ಕಲ್ಲು ಹೇಳುವುದಿಲ್ಲ.

ತುರ್ಕಿಯ ಚಾಟಲ್‌ಹ್ಯೂಯೂಕ್‌ನಲ್ಲಿ ಎರಡು ಚಿರತೆಯಂಥ ಪ್ರಾಣಿಗಳ ಮೇಲೆ ಕೈಯಿಟ್ಟು ಕೂತ ಹೆಂಗಸಿನ ಮೂರ್ತಿ 1961ರಲ್ಲಿ ಸಿಕ್ಕಿತು. ಕಾಳಿನ ಕಣಜದಲ್ಲಿ ಇತ್ತು. ನೋಡಿದರೆ ಸಿಂಹಾಸನದ ರಾಣಿಯೇ. ಆದರೆ ಚಿತ್ರಗಳಲ್ಲಿ ಕಾಣುವ ಅವಳ ತಲೆ ಆಮೇಲೆ ಮಾಡಿ ಕೂರಿಸಿದ್ದು. ಅದೇ ಜಾಗದಲ್ಲಿ ಮುಂದೆ ನಡೆದ ಅಗೆತದಲ್ಲಿ ಸಿಕ್ಕ ಗೊಂಬೆಗಳಲ್ಲಿ ಜಾಸ್ತಿ ಇದ್ದವು ಪ್ರಾಣಿಗಳು. ಎಷ್ಟೋ ಗೊಂಬೆಗಳು ಕಸದ ತಿಪ್ಪೆಯಲ್ಲಿದ್ದವು. ಪೂಜೆಯ ಮೂರ್ತಿಯನ್ನು ತಿಪ್ಪೆಗೆ ಹಾಕುತ್ತಾರಾ? ಹಾಕಲೂಬಹುದು, ಕೆಲಸ ಮುಗಿದ ಮೇಲೆ. ಅದರಿಂದ ರಾಜ್ಯ ಯಾರದ್ದಿತ್ತು ಅಂತ ಮಾತ್ರ ಹೇಳಲು ಬರುವುದಿಲ್ಲ.

ಅಕ್ಷರ ಬಂದ ಮೇಲಿನ ದೇವಿಯರ ಬಗ್ಗೆ ಮಾತಾಡುವುದು ಎಷ್ಟೋ ಸುಲಭ. ಅವರೇ ಮಾತಾಡುತ್ತಾರೆ.

ಹೊಸಚಿಗುರು

ಸರಿ ಸರಿ, ಒಪ್ಪಿದೆ. ತಲೆ ಆಮೇಲೆ ಕೂರಿಸಿದ್ದು ಅಂತ ಗೊತ್ತೇ ಇರಲಿಲ್ಲ!

ಬೆಳ್ದಿಂಗಳು

ಸ್ವಲ್ಪ ದಾರಿ ತಪ್ಪಿಸುತ್ತೇನೆ. ಸೂರ್ಯ ಗಂಡು, ಭೂಮಿ ಹೆಣ್ಣು ಅನ್ನೋದು ನಮಗೆ ಎಷ್ಟು ರೂಢಿಯಾಗಿದೆ ಅಂದರೆ ಬೇರೆ ಇರಬಹುದು ಅಂತಲೇ ಹೊಳೆಯುವುದಿಲ್ಲ. ಜಪಾನಿನಲ್ಲಿ ಸೂರ್ಯ ಹೆಣ್ಣು, ಚಂದ್ರ ಗಂಡು. ಉತ್ತರ ಯುರೋಪಿನ ನಾರ್ಸ್ ಕಥೆಯಲ್ಲೂ ಹಾಗೇ, ಸೋಲ್ ಹುಡುಗಿ, ಮಾನಿ ಅವಳ ಅಣ್ಣ. ಹಿಟ್ಟೈಟರ ದೊಡ್ಡ ದೇವಿಯೂ ಅರಿನ್ನದ ಸೂರ್ಯದೇವಿ. ಈಜಿಪ್ಟಿನಲ್ಲಿ ಭೂಮಿ ಗಂಡು, ಗೆಬ್. ಆಕಾಶ ಹೆಣ್ಣು, ನೂತ್. ಅವಳು ಕೈಕಾಲು ಊರಿ ಕಮಾನಿನ ಹಾಗೆ ಬಾಗಿ ನಿಂತಿರುತ್ತಾಳೆ, ಅವನು ಕೆಳಗೆ ಮಲಗಿರುತ್ತಾನೆ. ಸಂಜೆ ಸೂರ್ಯನನ್ನು ನುಂಗಿ ಬೆಳಿಗ್ಗೆ ಹೆರುತ್ತಾಳೆ. ದಿನಾ ಒಂದು ಹೆರಿಗೆ, ಪಾಪ.

ಕಲ್ಲುಬರಹ

ವಾಪಸ್ ದಾರಿಗೆ. ಗುಬ್ಬಚ್ಚಿಯವರ ಸೆಡ್ನಾ ತಲೆಯಿಂದ ಹೋಗುತ್ತಿಲ್ಲ. ಈಗಿನ ಇರಾಕಿನ ದಕ್ಷಿಣದಲ್ಲಿದ್ದ ಸುಮೇರಿನ ದೇವಿ ಇನಾನ್ನಾ ಪಾತಾಳಕ್ಕೆ ಇಳಿದ ಕಥೆಯನ್ನು ಈಗ ಮತ್ತೆ ಓದಿದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇನಾನ್ನಾ ಸ್ವರ್ಗದ ರಾಣಿ. ಅಕ್ಕ ಎರೆಶ್ಕಿಗಲ್ ಸತ್ತವರ ಲೋಕದ ರಾಣಿ. ತಂಗಿ ಎಲ್ಲ ಒಡವೆ ಹಾಕಿಕೊಂಡು ಕೆಳಗೆ ಹೊರಡುತ್ತಾಳೆ. ಏಳು ಬಾಗಿಲು. ಒಂದೊಂದರಲ್ಲೂ ಒಂದೊಂದು ಕಳಚಿಸುತ್ತಾರೆ. ಪೇಟ, ನೀಲಿಮಣಿಯ ಸರ, ಎದೆಯ ಪದಕ, ಚಿನ್ನದ ಬಳೆ, ಕೈಯ ಅಳತೆಗೋಲು, ಕೊನೆಗೆ ಉಟ್ಟ ಬಟ್ಟೆ. ಇದು ಯಾಕೆ ಅಂತ ಅವಳು ಕೇಳಿದಾಗಲೆಲ್ಲ ಒಂದೇ ಉತ್ತರ, ಸುಮ್ಮನಿರು, ಇಲ್ಲಿಯ ಕಟ್ಟಳೆ ಇದು. ಬರಿಮೈಯಲ್ಲಿ ಅಕ್ಕನ ಮುಂದೆ ನಿಲ್ಲುತ್ತಾಳೆ. ಅವಳನ್ನು ಹೆಣವಾಗಿಸಿ ಗೂಟಕ್ಕೆ ನೇತುಹಾಕುತ್ತಾರೆ.

ಮೂರು ದಿನ ಆದ ಮೇಲೆ ಅವಳ ಗೆಳತಿ ನಿನ್‌ಶುಬುರ್ ದೇವರುಗಳ ಮನೆ ಮನೆ ಅಲೆದು ಅಳುತ್ತಾಳೆ. ಇಬ್ಬರು ದೊಡ್ಡವರು, ಅವಳಾಗಿ ಹೋದದ್ದು ಅನುಭವಿಸಲಿ ಅನ್ನುತ್ತಾರೆ. ಮೂರನೆಯವನು ಎಂಕಿ. ಅವನು ತನ್ನ ಉಗುರಿನ ಕೊಳೆ ತೆಗೆದು ಎರಡು ಜೀವ ಮಾಡುತ್ತಾನೆ. ನೊಣದ ಹಾಗೆ ಬಾಗಿಲ ಸಂದಿಯಿಂದ ಹೋಗಿ ಅನ್ನುತ್ತಾನೆ.

ಒಳಗೆ ಎರೆಶ್ಕಿಗಲ್ ಹೆರಿಗೆ ನೋವಿನವಳ ಹಾಗೆ ಬಿದ್ದುಕೊಂಡು ನರಳುತ್ತಿರುತ್ತಾಳೆ. ಮೈಮೇಲೆ ಬಟ್ಟೆಯಿಲ್ಲ. ಕೂದಲು ಈರುಳ್ಳಿ ಸೊಪ್ಪಿನ ಕಂತೆಯ ಹಾಗೆ ಕೆದರಿದೆ. ಅಯ್ಯೋ ನನ್ನ ಎದೆಯೇ ಅನ್ನುತ್ತಾಳೆ. ಈ ಎರಡು ಜೀವಗಳು, ಅಯ್ಯೋ ನಿನ್ನ ಎದೆಯೇ ಅನ್ನುತ್ತವೆ. ಅಯ್ಯೋ ನನ್ನ ಒಡಲೇ ಅಂದರೆ, ಅಯ್ಯೋ ನಿನ್ನ ಒಡಲೇ. ಅಷ್ಟೇ ಮಾಡುತ್ತವೆ. ಅವಳು ನರಳುವುದನ್ನು ನಿಲ್ಲಿಸಿ ತಿರುಗಿ ನೋಡುತ್ತಾಳೆ. ಯಾರು ನೀವು? ದೇವರಾಗಿದ್ದರೆ ಮಾತು ಕೊಡುತ್ತೇನೆ, ಮನುಷ್ಯರಾಗಿದ್ದರೆ ವರ ಕೊಡುತ್ತೇನೆ.

ಸಾವಿನ ರಾಣಿಯ ನೋವಿಗೆ ಅಲ್ಲಿಯವರೆಗೆ ಯಾರೂ ಹೂಂಗುಟ್ಟಿರಲಿಲ್ಲ ಅನ್ನಿಸುತ್ತದೆ. ಸೆಡ್ನಾಳ ಕೂದಲು, ಇವಳ ಕೂದಲು. ನಾನು ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲೇ ಇಲ್ಲ.

ಗುಬ್ಬಚ್ಚಿ22

ಅಯ್ಯೋ ನಿನ್ನ ಎದೆಯೇ... ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆಮೇಲೆ ಅವು ಏನು ವರ ಕೇಳಿದವು?

ಕಲ್ಲುಬರಹ

ಅವಳು ನದಿಯ ತುಂಬ ನೀರು ಕೊಡಲು ಬಂದಳು, ಬೇಡ ಅಂದವು. ಹೊಲದ ತುಂಬ ಕಾಳು ಕೊಡಲು ಬಂದಳು, ಬೇಡ ಅಂದವು. ಗೂಟದಲ್ಲಿ ನೇತಾಡುವ ಹೆಣ ಕೊಡು ಅಂದವು. ಎಂಕಿ ಮೊದಲೇ ಹೇಳಿ ಕಳಿಸಿದ್ದ, ಅಲ್ಲಿಯ ನೀರು ಕಾಳು ಮುಟ್ಟಬೇಡಿ ಅಂತ. ಹೆಣದ ಮೇಲೆ ಜೀವದ ಗಿಡ, ಜೀವದ ನೀರು ಚಿಮುಕಿಸಿದವು, ಇನಾನ್ನಾ ಎದ್ದಳು. ಆದರೆ ಪುಕ್ಕಟೆ ಬಿಡಲಿಲ್ಲ, ಬದಲಿಗೆ ಒಬ್ಬರನ್ನು ಕೊಡಬೇಕು. ಮನೆಗೆ ಬಂದು ನೋಡಿದರೆ ಗಂಡ ಡುಮುಜಿ ಒಳ್ಳೆ ಬಟ್ಟೆ ಉಟ್ಟು ಸಿಂಹಾಸನದ ಮೇಲೆ ಆರಾಮಾಗಿ ಕೂತಿದ್ದ. ಇವನನ್ನೇ ಕರೆದುಕೊಂಡು ಹೋಗಿ ಅಂದಳು.

ನಿದ್ದೆಗೆಟ್ಟವ

ಒಳ್ಳೆಯದೇ ಆಯಿತು.

ಅಡ್ಡಪ್ರಶ್ನೆ

ಪಾತಾಳದ ಅನ್ನ ಮುಟ್ಟಬೇಡ ಅನ್ನೋದು ಎಲ್ಲ ಕಡೆ ಇದೆ ನೋಡಿ. ಪರ್ಸೆಫೊನಿ ಒಂದೇ ಒಂದು ದಾಳಿಂಬೆ ಕಾಳು ತಿಂದಳು, ವರ್ಷದ ಮೂರನೇ ಒಂದು ಭಾಗ ಅಲ್ಲೇ ಇರಬೇಕಾಯಿತು. ಜಪಾನಿನ ಇಝಾನಮಿ ಬೆಂಕಿದೇವರನ್ನು ಹೆತ್ತು ಸುಟ್ಟು ಸತ್ತಳು. ಗಂಡ ಇಝಾನಗಿ ಪಾತಾಳಕ್ಕೆ ಕರೆಯಲು ಹೋದರೆ, ಯಾಕೆ ತಡ ಮಾಡಿದೆ, ನಾನಾಗಲೇ ಇಲ್ಲಿಯ ಒಲೆಯದ್ದು ಉಂಡೆ ಅನ್ನುತ್ತಾಳೆ. ನಮ್ಮ ಅನ್ನದ ಋಣ ಅನ್ನುವ ಮಾತಿಗೆ ಇದಕ್ಕಿಂತ ಗಟ್ಟಿ ಕಥೆ ಬೇಕಾ? ಉಂಡ ಮೇಲೆ ಆ ಮನೆಯವರೇ.

ಆ ಇಝಾನಮಿ ವಾಪಸ್ ಬರಲೇ ಇಲ್ಲ. ನನ್ನನ್ನು ನೋಡಬೇಡ ಅಂದಿದ್ದಳು, ಗಂಡ ದೀಪ ಹಚ್ಚಿ ನೋಡಿದ. ಹುಳ ತುಂಬಿದ ಮೈ. ಹೆದರಿ ಓಡಿ ಬಂಡೆ ಅಡ್ಡ ಇಟ್ಟ. ದಿನಕ್ಕೆ ಸಾವಿರ ಜನರನ್ನು ಕೊಲ್ಲುತ್ತೇನೆ ಅಂದಳು ಇವಳು. ಸಾವಿರದ ಐನೂರು ಹುಟ್ಟಿಸುತ್ತೇನೆ ಅಂದ ಅವನು. ಗಂಡ ಹೆಂಡತಿಯ ಕೊನೆಯ ಮಾತು ಇದು. ಕರೆತರುವ ಕಥೆಗಳ ಜೊತೆ ಬಾರದವರ ಕಥೆಯನ್ನೂ ಇಡಬೇಕು.

ಬೆಳ್ದಿಂಗಳು

ಹಾಗಾದರೆ ಸೀತೆಯನ್ನೂ ಇಡಿ. ತುಂಬಿದ ಸಭೆಯಲ್ಲಿ ಮತ್ತೊಮ್ಮೆ ಪರೀಕ್ಷೆ ಕೊಡು ಅಂದಾಗ ಅವಳು ಜಗಳವಾಡಲಿಲ್ಲ. ತಾಯಿ ಭೂಮಿಯನ್ನು ಕರೆದಳು, ಭೂಮಿ ಬಾಯಿ ತೆರೆಯಿತು, ಹೋದಳು. ರಾಮ ಭೂಮಿಯನ್ನು ಬೆದರಿಸುತ್ತಾನೆ, ವಾಪಸ್ ಕೊಡು, ಇಲ್ಲದಿದ್ದರೆ ಬೆಟ್ಟಗುಡ್ಡ ಸಮೇತ ಒಡೆದುಹಾಕುತ್ತೇನೆ ಅಂತ. ಅಲ್ಲಿಂದ ಉತ್ತರ ಬರುವುದಿಲ್ಲ.

ಹೊಸಚಿಗುರು

ಒಂದು ಗಮನಿಸಿದಿರಾ? ಜೇನುಹುಳ, ಕೋತಿ, ಉಗುರಿನ ಕೊಳೆಯ ನೊಣ, ಮನೆಕೆಲಸದಾಕೆ. ಕರೆತಂದವರೆಲ್ಲ ಪುಟ್ಟವರು. ಹದ್ದು, ಮಳೆದೇವರು, ರಾಮ ಎಲ್ಲ ಸೋತವರು.

ಮೂಡಣಗಾಳಿ

ಹೊಸಚಿಗುರು!! ನಾನು ಇಷ್ಟು ಹೊತ್ತು ಕಾಡಿಸಿಕೊಂಡು ಹುಡುಕುತ್ತಿದ್ದದ್ದು ಇದನ್ನೇ. ಯಾಕೆ ಹೋದಳು ಅನ್ನೋದರ ಹಿಂದೆಯೇ ಬಿದ್ದಿದ್ದೆ. ಯಾರು ಹೋಗಿ ಕರೆದರು ಅಂತ ನೋಡಲೇ ಇಲ್ಲ. ಡಿಮೀಟರ್ ಹತ್ತಿರ ಜ್ಯೂಸ್ ಒಬ್ಬೊಬ್ಬರಾಗಿ ಎಲ್ಲ ದೇವರನ್ನೂ ಕಾಣಿಕೆ ಕೊಟ್ಟು ಕಳಿಸಿದ, ಅವಳು ಕತ್ತೆತ್ತಿಯೂ ನೋಡಲಿಲ್ಲ.

ಅಡ್ಡಪ್ರಶ್ನೆ

ಚೆನ್ನಾಗಿದೆ, ಆದರೆ ಎಲ್ಲ ಕಡೆ ಹೊಂದುವುದಿಲ್ಲ. ಅಮತೆರಾಸು ಇಣುಕಿದಾಗ ಕೈ ಹಿಡಿದು ಹೊರಗೆಳೆದದ್ದು ತಾಜಿಕರಾವೊ, ಹೆಸರಿನಲ್ಲೇ ತೋಳ್ಬಲ ಇರುವ ದೇವರು. ಬಾಗಿಲ ಪಕ್ಕದಲ್ಲೇ ಅಡಗಿ ನಿಂತಿದ್ದ. ಒಳಗೆ ವಾಪಸ್ ಹೋಗದ ಹಾಗೆ ಹಿಂದೆ ಹಗ್ಗ ಬೇರೆ ಕಟ್ಟಿದರು. ಡಿಮೀಟರ್‌ಳನ್ನು ಕೊನೆಗೆ ಒಪ್ಪಿಸಿದ್ದು ಅವಳ ತಾಯಿ ರಿಯಾ, ಪುಟ್ಟವಳೇನಲ್ಲ. ಹಾಲ್ಗಡಲು ಕಡೆದವರಂತೂ ಲೋಕದ ಗಟ್ಟಿಗರೆಲ್ಲ.

ಹಳೆಪುಟ

ತಾಯಿ ಬಂದು ಮಗಳಿಗೆ ಹೇಳಿದ್ದನ್ನು ಬಲ ಅನ್ನಬೇಡಿ ಮಾರಾಯರೇ.

ಪಶ್ಚಿಮ ಆಫ್ರಿಕಾದ ಯೊರುಬಾ ಜನರ ನದಿದೇವಿ ಓಶುನ್ ಕಥೆ ಇನ್ನೂ ಯಾರೂ ಹೇಳಿಲ್ಲ. ಲೋಕ ಕಟ್ಟಲು ಎಲ್ಲರಿಗಿಂತ ಮೇಲಿನ ದೇವರು ಓಲೊಡುಮಾರೆ 17 ಜನರನ್ನು ಕೆಳಗೆ ಕಳಿಸುತ್ತಾನೆ. 16 ಗಂಡಸರು, ಓಶುನ್ ಒಬ್ಬಳೇ ಹೆಂಗಸು. ಇವರು ಅವಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಏನು ಮಾಡಿದರೂ ಕೈಗೂಡುವುದಿಲ್ಲ. ಮಳೆಯಿಲ್ಲ, ಬೆಳೆಯಿಲ್ಲ. ಮೇಲೆ ಹೋಗಿ ಅಳುತ್ತಾರೆ. ಅವನು ಕೇಳುವುದು ಒಂದೇ ಪ್ರಶ್ನೆ: 17ನೆಯವಳನ್ನು ಕೇಳಿದಿರಾ?

ಅವರೇ ಹೋಗಿ ಕಾಲಿಗೆ ಬೀಳಬೇಕಾಯಿತು. ಇಲ್ಲಿ ಮಧ್ಯಸ್ಥರು ಯಾರೂ ಇಲ್ಲ. ತಪ್ಪು ಮಾಡಿದವರೇ ಬಂದು ತಪ್ಪಾಯಿತು ಅಂದದ್ದು ಈ ಒಂದೇ ಕಥೆಯಲ್ಲಿ. ಸುಸಾನೊವೊ ಗವಿಯ ಬಾಗಿಲಿಗೆ ಬರಲಿಲ್ಲ. ಹೇಡಿಸ್ ಡಿಮೀಟರ್ ಹತ್ತಿರ ಬರಲಿಲ್ಲ. ಸೆಡ್ನಾಳ ಅಪ್ಪ ಬಾಚಣಿಗೆ ಹಿಡಿದು ಇಳಿಯಲಿಲ್ಲ. ಓಶುನ್‌ಳ ತೋಪು ನೈಜೀರಿಯಾದ ಓಶೊಗ್ಬೊದಲ್ಲಿ, ಅವಳದೇ ಹೆಸರಿನ ನದಿಯ ದಡದಲ್ಲಿ ಇವತ್ತಿಗೂ ಇದೆ. 2005ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ಅಡ್ಡಪ್ರಶ್ನೆ

ಇದಕ್ಕೆ ನನ್ನ ಹತ್ತಿರ ಅಡ್ಡಪ್ರಶ್ನೆ ಇಲ್ಲ.

ಬೆಳ್ದಿಂಗಳು

ಈ ಕಥೆಗಳನ್ನೆಲ್ಲ ಹೇಳಿದವರು ಯಾರು, ಗಂಡಸರೇನಾ?

ಕಲ್ಲುಬರಹ

ಜಾಸ್ತಿ ಪಾಲು ನಮಗೆ ಹೆಸರೇ ಉಳಿದಿಲ್ಲ. ಆದರೆ ಲೋಕದಲ್ಲಿ ಹೆಸರು ಉಳಿದ ಮೊದಲ ಕವಿ ಹೆಂಗಸು, ಅವಳು ಹಾಡಿದ್ದು ಇನಾನ್ನಾಳನ್ನು. ಎನ್‌ಹೆಡುವನ್ನಾ, ಅಕ್ಕಾಡದ ಸಾರ್ಗನ್ ದೊರೆಯ ಮಗಳು, ಊರ್ ಪಟ್ಟಣದ ದೊಡ್ಡ ಪೂಜಾರಿಣಿ, ಕ್ರಿ.ಪೂ. 2300ರ ಸುಮಾರು. 1927ರಲ್ಲಿ ಊರ್‌ನಲ್ಲಿ ಲಿಯೊನಾರ್ಡ್ ವುಲ್ಲಿ ಅಗೆಯುವಾಗ ಅವಳ ಹೆಸರು, ಚಿತ್ರ ಇರುವ ಬಿಳಿಕಲ್ಲಿನ ಬಿಲ್ಲೆ ಸಿಕ್ಕಿತು. ಹಾಡುಗಳ ಪ್ರತಿಗಳು ಅವಳ ಕಾಲಕ್ಕಿಂತ ನೂರಾರು ವರ್ಷ ಈಚಿನವು, ಹಾಗಾಗಿ ಅವಳೇ ಬರೆದಳಾ ಅಂತ ವಿದ್ವಾಂಸರು ಜಗಳಾಡುತ್ತಾರೆ. ನಾನು ಅವಳ ಪಕ್ಷ. ಒಂದು ಹಾಡಿನಲ್ಲಿ, ನಡುರಾತ್ರಿ ನಿನಗೆ ಹೇಳಿದ್ದನ್ನು ಹಾಡುಗಾರ ನಡುಹಗಲು ಮತ್ತೆ ಹೇಳಲಿ ಅನ್ನುತ್ತಾಳೆ. ರಾತ್ರಿ ನಿದ್ದೆಗೆಟ್ಟು ಬರೆದವರಿಗೆ ಮಾತ್ರ ಬರುವ ಸಾಲು ಅದು.

ಹಳೆಪುಟ

ಋಗ್ವೇದದ ಹತ್ತನೇ ಮಂಡಲದ 125ನೇ ಸೂಕ್ತವನ್ನೂ ಇದರ ಪಕ್ಕ ಇಡಿ. ಬರೀ ಎಂಟು ಮಂತ್ರ. ಕಂಡವಳು ವಾಕ್ ಆಂಭೃಣಿ ಅನ್ನುವ ಹೆಂಗಸು. ದೇವಿಯನ್ನು ಹೊರಗೆ ನಿಂತು ಹೊಗಳುವುದಿಲ್ಲ ಅವಳು. ನಾನೇ ರುದ್ರರ ಜೊತೆ ನಡೆಯುತ್ತೇನೆ, ನಾನೇ ರುದ್ರನ ಬಿಲ್ಲು ಬಗ್ಗಿಸುತ್ತೇನೆ, ನಾನೇ ಗಾಳಿಯ ಹಾಗೆ ಬೀಸುತ್ತೇನೆ. ಹಾಡುವವಳು ಯಾರು, ದೇವಿ ಯಾರು ಅಂತ ಬಿಡಿಸಲು ಬರುವುದಿಲ್ಲ.

ಗುಬ್ಬಚ್ಚಿ22

ಕಲ್ಲುಬರಹ ಅವರೇ, ಒಂದು ಉಳಿದುಹೋಯಿತು. ಜೇನುಹುಳ ಆ ತೆಲಿಪಿನುವನ್ನು ಹೇಗೆ ಎಬ್ಬಿಸಿತು? ಕಥೆ ಹೇಳಿತಾ, ನಗಿಸಿತಾ?

ಕಲ್ಲುಬರಹ

ಕಚ್ಚಿತು. ಕೈಗೆ, ಕಾಲಿಗೆ. ಆಮೇಲೆ ಮೇಣದಿಂದ ಕಣ್ಣು ಒರೆಸಿತು.

ಅವನಿಗೆ ಮೊದಲಿಗಿಂತ ಜಾಸ್ತಿ ಸಿಟ್ಟು ಬಂತು. ಹೊಳೆ ಉಕ್ಕಿಸಿದ, ಮನೆ ಕೆಡವಿದ. ಕಮ್ರುಸೆಪಾ ಅನ್ನುವ ಮಾಟದ ದೇವಿ ಬಂದು ಅವನ ಕೋಪವನ್ನು ಮೈಯಿಂದ ಬಿಡಿಸಬೇಕಾಯಿತು. ಆ ಕೋಪವನ್ನು ಪಾತಾಳದ ಕಂಚಿನ ಹಂಡೆಗಳಲ್ಲಿ ಹಾಕಿ ಸೀಸದ ಮುಚ್ಚಳ ಮುಚ್ಚಿದರು. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ, ಅಲ್ಲೇ ಸಾಯುತ್ತದೆ ಅಂತ ಹಲಗೆಯಲ್ಲಿ ಬರೆದಿದೆ. ಅದಾದ ಮೇಲೆಯೇ ಕಿಟಕಿಯ ಮಂಜು ಸರಿದದ್ದು, ಕುರಿ ಮರಿಯನ್ನು ಹತ್ತಿರ ಬಿಟ್ಟುಕೊಂಡದ್ದು.

ನಿದ್ದೆಗೆಟ್ಟವ

ಜೋಡು ಸರಿ ಮಾಡಿ ಹಾಕಿಕೊಂಡನಾ?

ಕಲ್ಲುಬರಹ

ಅದನ್ನು ಬರೆದಿಲ್ಲ.